ಬಾತು ಮರಿಯ ಕಾಲು ಬಿದ್ದಾಗ

ನಮ್ಮದು ಜಗಳೂರು ತಾಲ್ಲೂಕು. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ. ಬರದಿದ್ದರೆ ಬರೀ ಹೊಲ. ಇಂಥ ಊರಲ್ಲಿ ಬಾತುಕೋಳಿ ಯಾಕೆ ಅಂತ ನೀವು ಕೇಳಬಹುದು. ನಮ್ಮೂರವರೂ ಕೇಳಿದರು.

2016ರಲ್ಲಿ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲದ ಮೂಲೆಗೆ ಒಂದು ಹೊಂಡ ತೆಗೆಸಿದ್ದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದು. 2022ರಲ್ಲಿ ಮಳೆ ಜಾಸ್ತಿಯಾಗಿ ಹೊಂಡ ಮುಂಗಾರಲ್ಲೇ ತುಂಬಿತು. ಮಗಳ ಮಗಳು ನಮ್ಮಲ್ಲೇ ಇದ್ದು ಐದನೇ ಕ್ಲಾಸು ಓದುತ್ತಿದ್ದಳು. ನೀರು ನೋಡಿದ್ದೇ ತಡ, "ತಾತ, ಬಾತು ಮರಿ ತಾ" ಅಂತ ಹಟ ಹಿಡಿದಳು. ಮೊಟ್ಟೆಗಲ್ಲ, ಮಾಂಸಕ್ಕಲ್ಲ, ಸಾಕೋಕೆ. ಜೂನ್ ಕೊನೆಗೆ ಸಂತೆಯಲ್ಲಿ ಹನ್ನೆರಡು ಮರಿ ತಂದೆ. ಮೂರು ನಾಲ್ಕು ದಿನದ ಮರಿಗಳು, ಹಳದಿ ಕಂದು ಬಣ್ಣ. ಹನ್ನೆರಡಕ್ಕೂ ಅವಳೇ ಹೆಸರಿಟ್ಟಳು. ಈಗ ಉಳಿದಿರೋದು ಆರು. ಹೋದ ಆರರಲ್ಲಿ ನಾಲ್ಕು ನನ್ನ ಕೈಯಾರೆ ಹೋದವು. ಅದನ್ನು ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲಿಂದ ನಾಟಿ ಕೋಳಿ ಸಾಕಿದವನು. ಬಾತು ಮರಿಯೂ ಹಂಗೇ, ಕೊಕ್ಕು ಮಾತ್ರ ಚಪ್ಪಟೆ ಅಂದುಕೊಂಡಿದ್ದೆ. ತಪ್ಪು ಶುರುವಾಗಿದ್ದೇ ಅಲ್ಲಿ.

ಎರಡನೇ ರಾತ್ರಿಯೇ ಒಂದು ಹೋಯಿತು. ಡಬ್ಬದ ಮೇಲೆ ಬಲ್ಬು ಇಳಿಬಿಟ್ಟಿದ್ದೆ, ರಾತ್ರಿ ಕರೆಂಟು ಹೋದದ್ದು ನಮಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ರಾಶಿಯಾಗಿದ್ದವು, ಅಡಿಯಲ್ಲಿದ್ದದ್ದು ಸತ್ತಿತ್ತು. ಮೊದಲ ವಾರ ಮರಿಗೆ 32 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ನಮ್ಮ ಮನೇಲಿ ಶಾಖ ಅಳೆಯೋ ಸಾಧನ ಎಲ್ಲಿಂದ ಬರಬೇಕು? ಮರಿಯನ್ನೇ ನೋಡಬೇಕು. ಗುಂಪಾಗಿ ಒತ್ತಿಕೊಂಡು ಚೀರುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಹೋಗಿ ಬಾಯಿ ಬಿಡುತ್ತಿದ್ದರೆ ಶಾಖ ಜಾಸ್ತಿ. ಅಲ್ಲಲ್ಲಿ ಹರಡಿಕೊಂಡು ಮಲಗಿದ್ದರೆ ಸರಿ ಇದೆ ಅಂತ ಅರ್ಥ. ಅವತ್ತಿಂದ ಕರೆಂಟು ನಂಬೋದು ಬಿಟ್ಟೆ. ಬಾಟಲಿಗೆ ಬಿಸಿನೀರು ತುಂಬಿ, ಗೋಣಿಚೀಲ ಸುತ್ತಿ ರಾತ್ರಿ ಡಬ್ಬದೊಳಗೆ ಇಡುತ್ತಿದ್ದೆವು.

ಕಾಲು ಬಿದ್ದದ್ದು

ಒಂಬತ್ತನೇ ದಿನ ಒಂದು ಮರಿ ನಾಲ್ಕು ಹೆಜ್ಜೆ ಹೋಗಿ ಕುಳಿತುಬಿಡುತ್ತಿತ್ತು. ಎಬ್ಬಿಸಿದರೆ ಮತ್ತೆ ನಾಲ್ಕು ಹೆಜ್ಜೆ. ಹನ್ನೊಂದನೇ ದಿನಕ್ಕೆ ನಾಲ್ಕು ಮರಿ ಹಂಗೇ ಆದವು. ಕಾಲಿನ ನಡುವಿನ ಗಂಟು, ನೋಡೋಕೆ ಮೊಣಕಾಲಿನ ಹಾಗೆ ಕಾಣುತ್ತಲ್ಲ, ಅದು ಊದಿತ್ತು. ಎರಡರ ಕಾಲು ಹೊರಕ್ಕೆ ಬಿಲ್ಲಿನ ಹಾಗೆ ಬಾಗಿದ್ದವು. ಪಾದದ ಮೇಲೆ ನಿಲ್ಲಲಾರದೆ ಆ ಗಂಟಿನ ಮೇಲೇ ತೆವಳುತ್ತಾ, ಪುಟ್ಟ ರೆಕ್ಕೆಯನ್ನು ಊರುಗೋಲಿನಂತೆ ಊರುತ್ತಿದ್ದವು. ಕಣ್ಣು ಮಾತ್ರ ಹೊಳೀತಿತ್ತು. ಕಾಳು ಹತ್ತಿರ ಹಾಕಿದರೆ ಚೆನ್ನಾಗೇ ತಿನ್ನುತ್ತಿದ್ದವು. ಆ ಎರಡು ಗುರುತನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಪಕ್ಕದ ಹೊಲದವರು "ಲಕ್ವ ಹೊಡೆದೈತಿ, ಉಳಿಯಾಕಿಲ್ಲ, ಬ್ಯಾರೆ ಮಾಡಿ ಬಿಡ್ರಿ" ಅಂದರು. ನಾನು ಪೇಟೆಗೆ ಹೋಗಿ ಕೋಳಿಗೆ ಕೊಡೋ ಒಂದು ಮಾತ್ರೆ ತಂದು ನೀರಿಗೆ ಹಾಕಿದೆ. ಮೂರು ದಿನ ಕೊಟ್ಟೆ. ಅದು ಕ್ರಿಮಿಗಳಿಗೆ ಕೊಡೋ ಔಷಧಿ, ಇಲ್ಲಿ ಕ್ರಿಮಿಯೇ ಇರಲಿಲ್ಲ. ಔಷಧಿ ಮರಿಗೆ ಏನೂ ಮಾಡಲಿಲ್ಲ, ಮೂರು ದಿನ ಮಾತ್ರ ಹಾಳು. ಆ ಮೂರು ದಿನದಲ್ಲೇ ಒಂದು ಮರಿಯ ಕಾಲು ಮತ್ತೆ ನೆಟ್ಟಗಾಗದ ಹಾಗೆ ತಿರುಗಿಬಿಟ್ಟಿತು.

ಕಡೆಗೆ ಮಗು ಅಳೋದು ನೋಡಲಾರದೆ ಎರಡು ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಡಾಕ್ಟರ ಹತ್ತಿರ ಹೋದೆ. ಎತ್ತು ಎಮ್ಮೆ ತಂದವರು ಸಾಲಾಗಿ ನಿಂತಿದ್ದಾಗ ಬಾತು ಮರಿ ಹಿಡಿದುಕೊಂಡು ನಿಲ್ಲೋಕೆ ನಾಚಿಕೆ ಆಯ್ತು. ಅವರು ನಗಲಿಲ್ಲ. ಕಾಲು ಮುಟ್ಟಿ ನೋಡಿ ಮೊದಲು ಕೇಳಿದ್ದು, "ಏನು ತಿನ್ನಿಸ್ತೀರಿ?"

"ಮೆಕ್ಕೆಜೋಳದ ನುಚ್ಚು, ಒಂದೊಂದು ಸಲ ರಾಗಿ ಗಂಜಿ."

"ಅದಕ್ಕೇ."

ಅವರು ಹೇಳಿದ್ದು ಇಷ್ಟು. ಬಾತು ಮರಿ ಕೋಳಿಮರಿಗಿಂತ ಬೇಗ ಬೆಳೆಯುತ್ತೆ. ಅದಕ್ಕೆ ನಯಾಸಿನ್ ಅನ್ನೋ ಬಿ ಗುಂಪಿನ ಜೀವಸತ್ವ ಕೋಳಿಮರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬೇಕು. ಒಂದು ಕಿಲೋ ಮೇವಿನಲ್ಲಿ 55 ಮಿಲಿಗ್ರಾಂ ಇರಬೇಕು. ಮೆಕ್ಕೆಜೋಳದಲ್ಲಿ ಅದರ ಅರ್ಧವೂ ಇಲ್ಲ, ಇದ್ದದ್ದೂ ಕಾಳಿನೊಳಗೆ ಗಂಟು ಹಾಕಿದ ಹಾಗೆ ಇರುತ್ತೆ, ಹೊಟ್ಟೆಗೆ ಸಿಗಲ್ಲ. ಮೆಕ್ಸಿಕೋ ದೇಶದ ಜನ ಹಿಂದಿನಿಂದಲೂ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ತಿನ್ನುತ್ತಾರಂತೆ, ಸುಣ್ಣ ಆ ಗಂಟು ಬಿಚ್ಚುತ್ತೆ. ಮೂವತ್ತು ವರ್ಷದಿಂದ ಮೆಕ್ಕೆಜೋಳ ಬೆಳೆಯುತ್ತಿದ್ದೇನೆ, ಈ ವಿಷಯ ನನಗೆ ಗೊತ್ತಾಗಿದ್ದು ಬಾತು ಮರಿಯಿಂದ.

ಇನ್ನೊಂದು ಮಾತು ಹೇಳಿದರು. ಇದೇ ನಯಾಸಿನ್ ಕೊರತೆ ಮನುಷ್ಯರಿಗೆ ಬಂದರೆ ಪೆಲಾಗ್ರ ಅನ್ನೋ ಕಾಯಿಲೆ. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತೆ, ಭೇದಿ ಆಗುತ್ತೆ, ಬುದ್ಧಿ ಮಂಕಾಗುತ್ತೆ. ದಖ್ಖನ್ ಸೀಮೆಯಲ್ಲಿ ಬರೀ ಜೋಳ ತಿಂದು ಬದುಕುವ ಬಡವರಲ್ಲಿ ಇದು ಕಾಣುತ್ತಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಜೊತೆಯವರು 1960ರ ಸುಮಾರಿನಲ್ಲಿ ಇದರ ಮೇಲೆ ಕೆಲಸ ಮಾಡಿದ್ದರು. ನನಗೆ ನಮ್ಮ ಅಜ್ಜನ ಕಾಲದವರ ಕೈ ನೆನಪಾಯಿತು, ಮೊಣಕೈ ತನಕ ಕರ್ರಗೆ ಒರಟು. ಬಿಸಿಲಿಗೆ ಹಂಗಾಗಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಎಲ್ಲರದ್ದೂ ಅದೇ ಕಾಯಿಲೆ ಅಂತ ನಾನು ಹೇಳಲ್ಲ. ಆದರೆ ಬುಟ್ಟಿ ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗ ಅದೇ ಯೋಚನೆ.

ಕೊಟ್ಟ ಮದ್ದು

ಮದ್ದು ಸುಲಭದ್ದೇ. ನಿಕೋಟಿನಮೈಡ್ ಅನ್ನೋ ಹೆಸರಲ್ಲಿ ಸಿಗುತ್ತೆ. ಕಾಲು ಬಿದ್ದ ಮರಿಗಳಿಗೆ ಮೊದಲ ವಾರ ಒಂದು ಲೀಟರ್ ಕುಡಿಯೋ ನೀರಿಗೆ ಸುಮಾರು 100 ಮಿಲಿಗ್ರಾಂ, ಆಮೇಲೆ ಎಲ್ಲ ಮರಿಗಳಿಗೂ ಹತ್ತು ವಾರ ಆಗೋ ತನಕ ಲೀಟರಿಗೆ 30ರಿಂದ 40 ಮಿಲಿಗ್ರಾಂ. ಚೀಟಿಯ ಮೇಲೆ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತೆ, ಅದನ್ನು ನೋಡಿ ಲೆಕ್ಕ ಹಾಕಬೇಕು. ನೀರು ದಿನಾ ಹೊಸದಾಗಿ ಕಲಸಬೇಕು, ನಿನ್ನೆಯದು ಬೇಡ. ಇದರ ಬದಲು ಈಸ್ಟ್ ಪುಡಿ ಸಿಕ್ಕರೆ, ಬ್ರೂವರ್ಸ್ ಈಸ್ಟ್ ಅಂತ ಕೇಳಬೇಕು, ಬ್ರೆಡ್ಡಿಗೆ ಹಾಕೋದಲ್ಲ, ಒಂದು ಕಿಲೋ ಮೇವಿಗೆ 50 ಗ್ರಾಂ ಬೆರೆಸಿದರೆ ಸಾಕು. ಹೊಸ ಅಕ್ಕಿ ತೌಡಿನಲ್ಲೂ ನಯಾಸಿನ್ ಚೆನ್ನಾಗಿದೆ. ಹಳೇ ತೌಡು ಕಮಟು ಹಿಡಿದಿದ್ದರೆ ಬೇಡ.

ಮದ್ದು ಕುಡಿಸೋವಾಗ ಒಂದು ಎಚ್ಚರ. ಬಾತಿನ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತೆ. ಬಾಯಿ ಅಗಲಿಸಿ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗಿ ಮರಿ ಅಲ್ಲೇ ಸಾಯುತ್ತೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಟ್ಟರೆ ಅದೇ ಚಪ್ಪರಿಸಿ ಕುಡಿಯುತ್ತೆ.

ನಾಲ್ಕನೇ ದಿನ ಮೂರು ಮರಿ ಎದ್ದು ನಿಂತವು. ವಾರದೊಳಗೆ ಓಡಾಡಿದವು. ಕಾಲು ತಿರುಗಿದ್ದ ಆ ಒಂದು ಮಾತ್ರ ಕುಂಟಿಯಾಗೇ ಉಳಿಯಿತು. ಗಂಟಿನ ನರ ಜಾರಿ ಎಲುಬು ಬಾಗಿದ ಮೇಲೆ ಯಾವ ಜೀವಸತ್ವವೂ ನೆಟ್ಟಗೆ ಮಾಡಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮೊದಲ ಮರಿ ಕುಳಿತ ದಿನವೇ ಕೊಟ್ಟಿದ್ದರೆ ಅದೂ ಸರಿಯಾಗುತ್ತಿತ್ತೇನೋ.

ನಾವು ಡಬ್ಬದೊಳಗೆ ಹಾಸಿದ್ದ ಪೇಪರನ್ನೂ ಅವರು ತೆಗೆಸಿದರು. ನುಣುಪು ನೆಲದ ಮೇಲೆ ಮರಿಯ ಕಾಲು ಎರಡು ಕಡೆ ಜಾರಿ ಸೀಳಿದ ಹಾಗೆ ಆಗುತ್ತೆ, ಅದೂ ಒಂಥರಾ ಕಾಲು ಬೀಳೋದೇ. ಒರಟು ಗೋಣಿಚೀಲ ಹಾಸಿ, ದಿನಾ ಒಣಗಿದ್ದು ಬದಲಿಸಿದರೆ ಆಯ್ತು.

ನಾನು ಮಾಡಿದ ದೊಡ್ಡ ತಪ್ಪು

ಇಷ್ಟಾದ ಮೇಲೆ ನಾನು ಸುಮ್ಮನಿರಬೇಕಿತ್ತು. ನಯಾಸಿನ್ ಯಾವುದರಲ್ಲಿ ಜಾಸ್ತಿ ಅಂತ ಡಾಕ್ಟರನ್ನು ಕೇಳಿದ್ದೆ. ಅವರು ತೌಡು, ಮೀನು, ಶೇಂಗಾ ಹಿಂಡಿ ಅಂತ ಹೇಳಿದ್ದರು. ಶೇಂಗಾ ಅಂದ ಮೇಲೆ ಕೇಳಬೇಕೆ, ನಮ್ಮದೇ ಬೆಳೆ. ಅಟ್ಟದ ಮೇಲೆ ಹಿಂದಿನ ವರ್ಷದ್ದು ಅರ್ಧ ಚೀಲ ಹಿಂಡಿ ಇತ್ತು. ಆ ಮಳೆಗೆ ಹಂಚು ಸೋರಿ ಚೀಲದ ಒಂದು ಕಡೆ ನೆನೆದು ಒಣಗಿತ್ತು. ಮುರಿದರೆ ಒಳಗೆ ಅಲ್ಲಲ್ಲಿ ಹಸಿರು ಬೂಷ್ಟು. ಬೂಷ್ಟು ಇದ್ದ ಕಡೆ ಕೆರೆದು ಬಿಸಾಕಿ, ಉಳಿದದ್ದನ್ನು ನೆನೆಸಿ ಕೊಟ್ಟೆ. ಎಮ್ಮೆ ಅದನ್ನೇ ತಿನ್ನುತ್ತಿತ್ತಲ್ಲ ಅಂತ ಧೈರ್ಯ.

ಎಂಟು ದಿನ ಕಳೆಯಿತು. ಮರಿಗಳು ತಿನ್ನೋದು ಕಮ್ಮಿ ಮಾಡಿದವು. ಕಿರಾಣಿ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು ಮೊಮ್ಮಗಳು, "ತಾತ, ತೂಕ ಏರ್ತಾ ಇಲ್ಲ" ಅಂದಳು. ನಾನು ಗಮನ ಕೊಡಲಿಲ್ಲ. ಆಮೇಲೆ ಒಂದು ಮರಿ ಕುಂಟಿತು. ಮತ್ತೆ ನಯಾಸಿನ್ ಕಮ್ಮಿ ಆಯ್ತು ಅಂತ ಹಿಂಡಿ ಇನ್ನೊಂದು ಹಿಡಿ ಜಾಸ್ತಿ ಹಾಕಿದೆ! ಆದರೆ ಈ ಸಲ ಗಂಟು ಊದಿರಲಿಲ್ಲ. ಕಾಲು, ಪಾದದ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಣ್ಣು ಮಂಕು. ಸಂಜೆ ಆ ಮರಿ ತೂರಾಡಿ ಬಿದ್ದು, ತಲೆಯನ್ನು ಬೆನ್ನಿನ ಕಡೆ ಸೆಟೆದು, ಕಾಲು ಬಡಿದು ಪ್ರಾಣ ಬಿಟ್ಟಿತು. ಮಾರನೇ ದಿನ ಎರಡು. ಅದರ ಮಾರನೇ ದಿನ ಇನ್ನೊಂದು.

ಸತ್ತದ್ದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಾಕ್ಟರ ಹತ್ತಿರ ಒಯ್ದೆ. ಹೊಟ್ಟೆ ಕೊಯ್ದು ತೋರಿಸಿದರು. ಪಿತ್ತಜನಕಾಂಗ ದಪ್ಪಗಾಗಿ, ಇರಬೇಕಾದ ಕೆಂಪು ಬಣ್ಣ ಹೋಗಿ ಹಳದಿ ಬಣ್ಣಕ್ಕೆ ತಿರುಗಿತ್ತು. "ಬೂಷ್ಟು ಹಿಡಿದದ್ದು ಏನಾದರೂ ಕೊಟ್ರಾ?" ಅಂದರು. ನಾನು ಸುಳ್ಳು ಹೇಳಲಿಲ್ಲ.

ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ಕಣ್ಣಿಗೆ ಕಾಣುವ ಹಸಿರನ್ನು ಕೆರೆದರೂ ವಿಷ ಸುತ್ತಲಿನ ಹಿಂಡಿಯಲ್ಲಿ ಉಳಿದಿರುತ್ತೆ. ಬೇಯಿಸಿದರೂ ಹುರಿದರೂ ಪೂರ್ತಿ ಹೋಗಲ್ಲ. ಈ ವಿಷ ಇದೆ ಅಂತ ಲೋಕಕ್ಕೆ ಗೊತ್ತಾದದ್ದೇ ಶೇಂಗಾ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲೆ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು, ಬಾತು ಮರಿಗಳೂ ಸತ್ತವು. ಹುಡುಕಿದರೆ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟು. ಸಾಕುಪ್ರಾಣಿಗಳಲ್ಲಿ ಈ ವಿಷ ಎಲ್ಲಕ್ಕಿಂತ ಬೇಗ ಹತ್ತೋದು ಬಾತು ಮರಿಗೆ. ಎಷ್ಟರ ಮಟ್ಟಿಗೆ ಅಂದರೆ, ಮೇವಿನಲ್ಲಿ ವಿಷ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ ಆಗ ವಿಜ್ಞಾನಿಗಳು ಒಂದು ದಿನದ ಬಾತು ಮರಿಯನ್ನೇ ಬಳಸುತ್ತಿದ್ದರು. ಅಂಥಾ ಪ್ರಾಣಿಗೆ ನಾನು ನೆನೆದ ಹಿಂಡಿ ತಿನ್ನಿಸಿದ್ದೆ. ಎಮ್ಮೆ ತಾಳಿಕೊಂಡಿತ್ತು ಅಷ್ಟೇ, ಅದಕ್ಕೂ ಒಳ್ಳೇದಲ್ಲ, ವಿಷದ ಅಂಶ ಹಾಲಿಗೂ ಬರುತ್ತೆ ಅಂತ ಡಾಕ್ಟರು ಗದರಿದರು.

ಇದಕ್ಕೆ ಪ್ರತಿಮದ್ದು ಇಲ್ಲ. ಮೇವು ಬದಲಿಸೋದೊಂದೇ ದಾರಿ. ಹಿಂಡಿ ಚೀಲವನ್ನು ಅವತ್ತೇ ಗುಂಡಿ ತೋಡಿ ಹೂತೆ. ಪೇಟೆಯಿಂದ ಕೋಳಿಮರಿ ಮೇವು ತಂದು ಈಸ್ಟ್ ಪುಡಿ, ಹೆಚ್ಚಿದ ಸೊಪ್ಪು, ಬೇಯಿಸಿದ ಮೊಟ್ಟೆ ಸೇರಿಸಿ ಕೊಟ್ಟೆವು. ಕೋಳಿಮರಿ ಮೇವು ತರುವಾಗ ಔಷಧಿ ಬೆರೆಸದ್ದು ಕೇಳಿ ತರಬೇಕು. ರಕ್ತಭೇದಿ ಬರದಿರಲಿ ಅಂತ ಕೆಲವು ಮೇವಿಗೆ ಔಷಧಿ ಹಾಕಿರುತ್ತಾರೆ, ಬಾತು ಮರಿ ಕೋಳಿಮರಿಗಿಂತ ಜಾಸ್ತಿ ತಿನ್ನೋದರಿಂದ ಔಷಧಿಯೂ ಜಾಸ್ತಿ ಹೋಗುತ್ತೆ. ಉಳಿದ ಏಳು ಮರಿ ಹದಿನೈದು ದಿನದಲ್ಲಿ ಚೇತರಿಸಿಕೊಂಡವು.

ಮೊಮ್ಮಗಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಗುರುತು ಹಿಡಿಯೋದು

ತಲೆ ಹಿಂದಕ್ಕೆ ಸೆಟೆದು ಸಾಯೋದು ಬೂಷ್ಟಿನ ವಿಷದಲ್ಲಿ ಮಾತ್ರ ಅಲ್ಲ. ಬಾತು ಮರಿಗೆ ಬರುವ ಪಿತ್ತಜನಕಾಂಗದ ವೈರಸ್ ರೋಗದಲ್ಲೂ ಹಂಗೇ. ಆದರೆ ಅದು ಆರು ವಾರದೊಳಗಿನ ಮರಿಗೆ, ಅದರಲ್ಲೂ ಮೊದಲ ಮೂರು ವಾರದಲ್ಲಿ ಜೋರು. ಬೆಳಿಗ್ಗೆ ಚೆನ್ನಾಗಿದ್ದ ಮರಿ ಮಧ್ಯಾಹ್ನ ಇರಲ್ಲ, ಮೂರು ನಾಲ್ಕು ದಿನದಲ್ಲಿ ಹಿಂಡೇ ಖಾಲಿ. ಕೊಯ್ದು ನೋಡಿದರೆ ಪಿತ್ತಜನಕಾಂಗದ ಮೇಲೆ ರಕ್ತದ ಚುಕ್ಕೆಗಳು. ನಮ್ಮ ಮರಿಗಳಿಗೆ ಆಗಲೇ ಒಂದು ತಿಂಗಳಾಗಿತ್ತು, ತಿನ್ನೋದು ನಿಧಾನವಾಗಿ ಕಮ್ಮಿಯಾಗಿತ್ತು, ತೂಕ ಮೊದಲೇ ನಿಂತಿತ್ತು. ಕ್ಯಾಲೆಂಡರಿನ ಲೆಕ್ಕ ನೋಡಿ ಡಾಕ್ಟರು ವಿಷವೇ ಅಂದದ್ದು. ಅನುಮಾನ ಇದ್ದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಸತ್ತದ್ದನ್ನು ಬಿಸಿಲಲ್ಲಿ ಇಡದೆ ತಣ್ಣಗೆ ಇಟ್ಟು ಅವತ್ತೇ ಒಯ್ದರೆ ಮಾತ್ರ ಏನಾದರೂ ತಿಳಿಯುತ್ತೆ.

ಹಾಗಾಗಿ ಈಗ ಯಾವ ಮರಿ ಸಪ್ಪಗಾದರೂ ನಾನು ಮೊದಲು ನೋಡೋದು ಕಣ್ಣು ಮತ್ತು ಕಾಳಿನ ಮೇಲಿನ ಆಸೆ. ಕಣ್ಣು ಚುರುಕು, ತಿನ್ನುತ್ತೆ, ಕಾಲು ಮಾತ್ರ ಬರಲ್ಲ ಅಂದರೆ ಮೇವಿನ ಕೊರತೆ ಅಥವಾ ಜಾರೋ ನೆಲ. ಕಣ್ಣು ಮುಚ್ಚಿ, ರೆಕ್ಕೆ ಇಳಿಬಿಟ್ಟು, ತಿನ್ನದೆ ಬರೀ ನೀರು ಕುಡಿಯುತ್ತಿದ್ದರೆ ಒಳಗೆ ರೋಗವೋ ವಿಷವೋ ಇದೆ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಕತ್ತು ಹಗ್ಗದ ಹಾಗೆ ಜೋತು ಬಿದ್ದರೆ ಕೊಳೆತ ಹೆಣವನ್ನೋ ಅದರ ಹುಳುವನ್ನೋ ಗಲೀಜು ನೀರಲ್ಲಿ ತಿಂದಿರಬಹುದು. ಸದ್ದಿಲ್ಲದೆ ಬಾಯಿ ಬಿಟ್ಟು ಮೇಲುಸಿರು ಎಳೆಯುತ್ತಿದ್ದರೆ ಹಾಸಿಗೆ ಮೂಸಿ ನೋಡಿ. ನಮ್ಮ ಕಡೆ ಶೇಂಗಾ ಹೊಟ್ಟು ಪುಕ್ಕಟೆ ಸಿಗುತ್ತೆ ಅಂತ ಹಾಸುತ್ತಾರೆ. ಅದು ಒದ್ದೆಯಾಗಿ ಬೂಷ್ಟು ಬಂದರೆ ಆ ಧೂಳು ಶ್ವಾಸಕೋಶದಲ್ಲೇ ಬೆಳೆಯುತ್ತೆ, ಆಮೇಲೆ ಉಳಿಸೋದು ಕಷ್ಟ.

ಕಣ್ಣಿಗೆ ಅಂಟು, ನೊರೆ ಕಂಡರೆ ಹೆದರೋದು ಬೇಡ, ಮೊದಲು ನೀರಿನ ಪಾತ್ರೆ ನೋಡಿ. ಬಾತು ಮೂಗು ಕಣ್ಣು ಮುಳುಗಿಸಿ ತೊಳೆದುಕೊಳ್ಳೋ ಪ್ರಾಣಿ. ಕೋಳಿಗೆ ಇಡುವ ಚಪ್ಪಟೆ ತಟ್ಟೆ ಸಾಲದು. ಎರಡು ಮೂರು ಅಂಗುಲ ಆಳದ, ಆದರೆ ಮರಿ ಒಳಗೆ ಬೀಳದ ಪಾತ್ರೆ ಬೇಕು. ನಾನು ಅಗಲ ಪಾತ್ರೆಯ ನಡುವೆ ಕಲ್ಲು ಇಟ್ಟಿದ್ದೆ. ಒಣ ಹಿಟ್ಟು ತಿಂದು ನೀರಿಲ್ಲದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಮೇವಿನ ಪಕ್ಕದಲ್ಲೇ ನೀರು ಇರಬೇಕು. ಮೇವನ್ನು ನೆನೆಸಿ ಕೊಡೋದು ಒಳ್ಳೇದು, ಉಳಿದದ್ದನ್ನು ಸಂಜೆಗೆ ಬಿಸಾಕಬೇಕು.

ಮಕ್ಕಳಿಗೆ ಒಂದು ಕಟ್ಟುನಿಟ್ಟು: ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಮುತ್ತು ಕೊಡೋದು ಬೇಡ. ಇದ್ದಕ್ಕಿದ್ದ ಹಾಗೆ ಕೋಳಿ ಬಾತು ಒಟ್ಟಿಗೆ ಸಾಯತೊಡಗಿದರೆ ಬರಿಗೈಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರದಲ್ಲಿ ಬಾತು ತಾನು ಚೆನ್ನಾಗಿದ್ದುಕೊಂಡೇ ಕೋಳಿಗೆ ಹರಡಬಹುದು. ಅದಕ್ಕೇ ನಮ್ಮ ನಾಟಿ ಕೋಳಿಯನ್ನು ಬೇರೆ ಕಡೆ ಇಟ್ಟಿದ್ದೇನೆ.

ಹೊಂಡದ ಮಾತು

ಏಳರಲ್ಲಿ ಇನ್ನೊಂದು ಹೋದದ್ದು ಹೊಂಡದಲ್ಲಿ. ಬಾತು ಅಂದ ಮೇಲೆ ನೀರಲ್ಲಿ ಸಾಯುತ್ತಾ ಅಂತ ನಾನೂ ನಗುತ್ತಿದ್ದೆ. ತಾಯಿ ಇಲ್ಲದ ಮರಿಯ ತುಪ್ಪಳಕ್ಕೆ ಎಣ್ಣೆ ಅಂಶ ಸಾಲದು, ಬೇಗ ನೆನೆದು ಚಳಿ ಹಿಡಿಯುತ್ತೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯ ದಡ. ಇಳಿಯೋಕೆ ಸುಲಭ, ಹತ್ತೋಕೆ ಆಗಲ್ಲ. ಒಂದು ಮರಿ ಸಂಜೆ ಕಣ್ಣು ತಪ್ಪಿಸಿ ಇಳಿದಿತ್ತು, ಬೆಳಿಗ್ಗೆ ದಡದ ಪಕ್ಕದಲ್ಲೇ ತೇಲುತ್ತಿತ್ತು. ಪಾದದಿಂದ ಕೆರೆದ ಗುರುತು ಹಾಳೆಯ ಪಾಚಿ ಮೇಲೆ ಹಾಗೇ ಇತ್ತು.

ಈಗ ಹೊಂಡದ ಎರಡು ಕಡೆ ಹಳೇ ಗೋಣಿಚೀಲ ಹೊಲಿದು ಉದ್ದಕ್ಕೆ ಇಳಿಬಿಟ್ಟಿದ್ದೇನೆ. ಮೇಲೆ ಗೂಟಕ್ಕೆ ಕಟ್ಟಿ, ಕೆಳಗೆ ನೀರೊಳಗೆ ಮುಳುಗೋ ಹಾಗೆ ತುದಿಗೆ ಕಲ್ಲು. ಅದರ ಮೇಲೆ ಹೆಜ್ಜೆ ಹಾಕಿ ಬಾತುಗಳು ಹತ್ತುತ್ತವೆ. ಇದನ್ನು ನೋಡಿದ ಮೇಲೆ ಮನುಷ್ಯರಿಗೂ ಬೇಕಲ್ಲ ಅನ್ನಿಸಿ ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಬಿಟ್ಟು, ಸುತ್ತ ಬೇಲಿ ಹಾಕಿಸಿದೆ. ಬೇಲಿ ಮೊದಲೇ ಹಾಕಬೇಕಿತ್ತು, ಮನೇಲಿ ಮಗು ಇದೆ.

ಆರರಲ್ಲಿ ನಾಲ್ಕು ಹೆಣ್ಣು. ಕುಂಟಿಯೂ ಹೆಣ್ಣೇ. ನೆಲದ ಮೇಲೆ ಎಲ್ಲರಿಗಿಂತ ಹಿಂದೆ, ನೀರಿಗಿಳಿದರೆ ಉಳಿದವುಗಳಿಗೆ ಸಮ. 2023ರ ಜನವರಿಯಿಂದ ಮೊಟ್ಟೆ ಇಡೋಕೆ ಶುರು ಮಾಡಿದೆ. ಬೆಳಿಗ್ಗೆ ಚೀಲದ ದಾರಿಯ ತುದಿಯಲ್ಲೇ ಇಟ್ಟು ಹೋಗಿರುತ್ತೆ, ಹುಡುಕೋ ಕೆಲಸವಿಲ್ಲ.